ಸತ್ತು ಬಂದ ಭಾವ, ಆಕಾಶದಿಂದ ಇಳಿದ ಟೈಲರ್

ನನ್ನ ಗಂಡನ ಅಣ್ಣ ಒಂದು ಮಧ್ಯಾಹ್ನ ಇಪ್ಪತ್ತು ನಿಮಿಷ ಸತ್ತಿದ್ದರು. ಹಾಗೆಂದು ರಾಯದುರ್ಗದ ನಮ್ಮ ಓಣಿಯವರು ಇವತ್ತಿಗೂ ನಂಬುತ್ತಾರೆ. ಆ ಇಪ್ಪತ್ತು ನಿಮಿಷವೂ ಅವರ ಕೈನಾಡಿ ನನ್ನ ಬೆರಳಿನ ಕೆಳಗೇ ಇತ್ತು, ಒಂದು ಸಲವೂ ನಿಲ್ಲಲಿಲ್ಲ. ಇದನ್ನು ನಾನು ಹೇಳದ ಮನೆಯಿಲ್ಲ. ಕೇಳಿದವರೆಲ್ಲ "ಹೌದೇನ್ರಿ" ಅಂದು, ಹಾಗೇ ಭಾವನ ಕಡೆ ತಿರುಗಿ "ಅಲ್ಲಿ ಮತ್ತೇನು ನೋಡಿದ್ರಿ?" ಅಂತ ಕೇಳುತ್ತಿದ್ದರು. ಬಡಿಯುತ್ತಿರುವ ನಾಡಿಯ ಸುದ್ದಿ ಯಾರಿಗೆ ಬೇಕು?

ನಾನು ಮಡಕಶಿರಾ ಕಡೆಯವಳು, ಅದೂ ರಾಯದುರ್ಗದ ಹಾಗೆ ಆಂಧ್ರಕ್ಕೆ ಸೇರಿದ ಕನ್ನಡದ ಸೀಮೆ. ಅಗಳಿಗೆ ಹೋಗುವ ದಾರಿಯಲ್ಲಿ ನಮ್ಮ ಹಳ್ಳಿ. ಕಡ್ಲೆಕಾಯಿ, ರಾಗಿ, ಒಂದಿಷ್ಟು ಹಿಪ್ಪುನೇರಳೆ ಬೆಳೆಯುವ ಮನೆ. ಮದುವೆಯಾಗಿ ರಾಯದುರ್ಗಕ್ಕೆ ಬಂದಾಗ ಅಲ್ಲಿ ಜೀನ್ಸ್ ಪ್ಯಾಂಟಿನ ಭರಾಟೆ. ಯಾವ ಓಣಿಗೆ ಹೋದರೂ ಮಿಷಿನ್ ಸದ್ದು, ಕಟ್ಟೆಯ ಮೇಲೆ ಕೂತು ಪ್ಯಾಂಟಿನ ದಾರದ ತುದಿ ಕತ್ತರಿಸುವ ಹೆಂಗಸರು, ಚರಂಡಿಯಲ್ಲಿ ನೀಲಿ ನೂಲು. ಡಿ. ಹಿರೇಹಾಳ್ ಕಡೆಯಿಂದ ಹೊಲಿಯೋರು ಬೆಳಿಗ್ಗೆ ಬಸ್ಸು ತುಂಬಿ ಬರುತ್ತಿದ್ದರು. ಇಲ್ಲಿ ಕೈ ಪಳಗಿದವರು ಬಳ್ಳಾರಿಗೋ ಬೆಂಗಳೂರಿಗೋ ಹೋಗುತ್ತಿದ್ದರು. ನಾನು "ಬತ್ತೀನಿ, ಓಯ್ತೀನಿ" ಅಂದರೆ ನಮ್ಮತ್ತೆ ಮನೆಯವರು ನಗುತ್ತಿದ್ದರು. ಅವರು "ಯಾಕ ಬೇ" ಅಂದರೆ ನನಗೆ ಜಗಳಕ್ಕೆ ಕರೆದ ಹಾಗೆ ಕೇಳಿಸುತ್ತಿತ್ತು. ಎರಡು ವರ್ಷಕ್ಕೆ ಎಲ್ಲ ಸರಿಹೋಯಿತು. ನಾನು ಬಟ್ಟೆಯ ಅಂಚು ಬಿಚ್ಚದಂತೆ ಹೊಲಿಯುವ ಓವರ್‌ಲಾಕ್ ಮಿಷಿನ್ ಕಲಿತು, ಊರಂಚಿನ ಒಂದು ಶೆಡ್ಡಿಗೆ ಸೇರಿಕೊಂಡೆ.

ಅದೇ ಶೆಡ್ಡಿನಲ್ಲಿ ಭಾವ ಕಟಿಂಗ್ ಮಾಸ್ತರರು. ಬಟ್ಟೆಯನ್ನು ಮಡಿಕೆಯ ಮೇಲೆ ಮಡಿಕೆ ಹಾಸಿ, ಸೀಮೆಸುಣ್ಣದಲ್ಲಿ ಗೀಟು ಹಾಕಿ, ಕರೆಂಟಿನ ಕತ್ತಿಯನ್ನು ಅದರೊಳಗೆ ನುಗ್ಗಿಸಿದರೆ ಒಂದೇ ಏಟಿಗೆ ಅಷ್ಟೂ ಪ್ಯಾಂಟಿನ ಕಾಲು ಕತ್ತರಿಸಿ ಬರುತ್ತಿತ್ತು. ಒಂದು ಗೀಟು ತಪ್ಪಿದವರಲ್ಲ. ಮಾತು ಕಮ್ಮಿ. ಮೀಸೆ ಜಾಸ್ತಿ. ನನ್ನನ್ನು "ತಂಗೀ" ಅನ್ನುತ್ತಿದ್ದರು. ಅವರ ಮೇಲೆ ನನಗೆ ಮೊದಲಿಂದಲೂ ಪ್ರೀತಿಯೇ ಇತ್ತು, ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಆವತ್ತು ಊಟ ಮುಗಿಸಿ ಬಂದು ಕತ್ತಿ ಹಿಡಿದರು. ಅದರ ವಯರಿನ ಮೇಲುಸಿಪ್ಪೆ ಒಂದು ಕಡೆ ಹರಿದಿತ್ತು. "ಬದಲಾಯಿಸ್ರಿ" ಅಂತ ಅವರೇ ತಿಂಗಳಿಂದ ಹೇಳುತ್ತಿದ್ದರು. ಕೈ ಒದ್ದೆ ಇತ್ತೋ ಏನೋ. ಒಂದು ವಿಚಿತ್ರ ಸದ್ದು ಬಂತು. ತಿರುಗಿ ನೋಡಿದರೆ ಭಾವ ಮೇಜಿನ ಮೇಲೆ ಬಗ್ಗಿ ನಡುಗುತ್ತಿದ್ದಾರೆ. ನಾನು ಹತ್ತಿರದಲ್ಲಿದ್ದ ಮರದ ಗಜಪಟ್ಟಿ ತಗೊಂಡು ಅವರ ಕೈ ಮೇಲೆ ಬಾರಿಸಿದೆ. ಕತ್ತಿ ಅತ್ತ ಬಿತ್ತು, ಭಾವ ಇತ್ತ ಬಿದ್ದರು. ಯಾರೋ ಮೇನ್ ಸ್ವಿಚ್ಚು ತೆಗೆಯಲು ಓಡಿದ. ಗಾಬರಿಯಲ್ಲಿ ಅದನ್ನು ತೆಗೆದು ಮತ್ತೆ ಹಾಕಿದ. ಟ್ಯೂಬ್‌ಲೈಟುಗಳೆಲ್ಲ ಪಕಪಕ ಅಂದು ಮತ್ತೆ ಹತ್ತಿಕೊಂಡವು.

ಸ್ಟ್ರೆಚರ್ ಎಲ್ಲಿಂದ ಬರಬೇಕು? ಜೀನ್ಸ್ ಬಟ್ಟೆಯನ್ನೇ ನಾಲ್ಕು ಮಡಿಕೆ ಮಾಡಿ, ಅದರ ಮೇಲೆ ಮಲಗಿಸಿ, ನನ್ನ ಗಂಡನೂ ಸೇರಿ ನಾಲ್ಕು ಜನ ಹಿಡಿದು ಹೊರಟರು. ನಮ್ಮ ಶೆಡ್ಡು ರೈಲುಡಬ್ಬಿಯ ಹಾಗೆ ಉದ್ದ, ಇಕ್ಕಟ್ಟು, ಕಿಟಕಿಯಿಲ್ಲ. ಮೇಲೆ ಉದ್ದಕ್ಕೂ ಟ್ಯೂಬ್‌ಲೈಟು. ಕೊನೆಗೊಂದು ಬಾಗಿಲು, ಅದರಾಚೆ ಸುಡುವ ಬಿಸಿಲು. ಭಾವ ಅರ್ಧ ಕಣ್ಣು ಬಿಟ್ಟೇ ಇದ್ದರು. ನಾನು ಪಕ್ಕದಲ್ಲಿ ಮಣಿಕಟ್ಟು ಹಿಡಿದುಕೊಂಡು ಓಡುತ್ತಾ, "ಭಾವಾ, ವಾಪಸ್ ಬರ್ರಿ, ಭಾವಾ" ಅಂತ ಅಳುತ್ತಿದ್ದೆ. ಆಟೋದಲ್ಲಿ ಹಾಕಿಕೊಂಡು ಒಂದು ಸಣ್ಣ ಖಾಸಗಿ ದವಾಖಾನೆಗೆ ಹೋದೆವು. ಬಿಳಿ ಕೋಟಿನ ಡಾಕ್ಟರು ಬಗ್ಗಿ ಕಣ್ಣಿಗೆ ಟಾರ್ಚು ಬಿಟ್ಟರು. ಮೂಗಿನ ತನಕ ಮಾಸ್ಕ್ ಹಾಕಿಕೊಂಡ ಇಬ್ಬರು ನರ್ಸಮ್ಮಂದಿರು ಅಕ್ಕಪಕ್ಕ ನಿಂತರು. ನಾಡಿ ನೋಡಿ, ಎದೆ ನೋಡಿ, ಡಾಕ್ಟರು ನಮ್ಮ ಮೇಲೆ ರೇಗಿದರು. "ಇತನ್ನಿ ಎಂದುಕು ತೆಚ್ಚಾರು? ಏಮೀ ಲೇದು. ವೆನಕ್ಕಿ ತೀಸ್ಕೆಳ್ಳಂಡಿ." ಇವನನ್ನು ಯಾಕೆ ತಂದಿರಿ, ಏನೂ ಆಗಿಲ್ಲ, ವಾಪಸ್ ಕರೆದುಕೊಂಡು ಹೋಗಿ ಅಂತ. ಆದರೂ ನಮ್ಮ ಸಮಾಧಾನಕ್ಕೆ ಒಂದು ಗ್ಲೂಕೋಸ್ ಬಾಟಲಿ ಏರಿಸಿದರು. ಅದು ಅರ್ಧಕ್ಕೆ ಬರುವಷ್ಟರಲ್ಲಿ ಭಾವ ಎದ್ದು ಕೂತು ಚಹಾ ಕೇಳಿದರು.

ಮೂರು ದಿನ ಸುಮ್ಮನಿದ್ದರು. ನಾಲ್ಕನೆಯ ದಿನ ಬೆಳಿಗ್ಗೆ ಪಡಸಾಲೆಯಲ್ಲಿ ಕೂತು, ನೋಡಲು ಬಂದ ನೆಂಟರ ಮುಂದೆ ಬಾಯಿ ಬಿಟ್ಟರು.

"ನಾನು ಸತ್ತಿದ್ದೆ," ಅಂದರು. "ಒಂದು ಉದ್ದನ ಸುರಂಗ ಇತ್ತು. ಮ್ಯಾಲ ಬೆಳಕಿನ ಸಾಲು. ನಾನು ತೇಲಿಕೋತ ಹೊಂಟಿದ್ದೆ, ನೀಲಿ ಮೋಡದ ಮ್ಯಾಲ. ತುದೀಗೆ ಕಣ್ಣು ಕುಕ್ಕೋವಂಥ ಬೆಳಕು."

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ನೀಲಿ ಮೋಡದ ಒಂದು ಮೂಲೆಯನ್ನು ಹಿಡಿದಿದ್ದ ನನ್ನ ಗಂಡ ಅಲ್ಲೇ ಕೂತು ತಲೆಯಾಡಿಸುತ್ತಿದ್ದ.

"ಅಲ್ಲಿ ಒಬ್ಬಾಂವ ಇದ್ದ. ಬಿಳೀ ನಿಲುವಂಗಿ. ಒಂದ ಕಣ್ಣು, ಸೂರ್ಯನಂಗ. ಆಜೂಬಾಜೂ ಇಬ್ಬರು, ಅವರಿಗೆ ಬಾಯಿ ಇಲ್ಲ, ಮೂಗಿಲ್ಲ, ಬರೇ ಕಣ್ಣು. ನನ್ನ ನೋಡಿ ಆ ದೊಡ್ಡಾಂವ ಅಂದ, ಇವನ್ನ ಯಾಕ ತಂದ್ರಿ, ವಾಪಸ್ ಕಳಿಸ್ರಿ ಅಂತ. ತೆಲುಗಿನಾಗ ಅಂದ."

ನೆಂಟರು ಇನ್ನೂ ಹತ್ತಿರ ಸರಿದು ಕೂತರು. ತೆಲುಗಿನಾಗ ಎಂಬುದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ನಾವು ಆಂಧ್ರದ ಕೆಳಗೆ ಇದ್ದೇವೆ. ಆಫೀಸು ಅಂದಮೇಲೆ ಮೇಲಿನದಾದರೂ ತೆಲುಗೇ ನಡೆಯುತ್ತದೆ ಅಂದುಕೊಂಡಿರಬೇಕು.

ನಾನು ಒಳಗಿನಿಂದಲೇ, "ಭಾವಾ, ಅದು ಡಾಕ್ಟರು. ಅದು ಟಾರ್ಚು. ಬಾಯಿಲ್ಲದೋರು ನರ್ಸಮ್ಮಂದಿರು," ಅಂದೆ.

ಭಾವ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಕನಿಕರ ಇತ್ತು. "ನೀನು ಹೊರಗಿದ್ದಿ, ತಂಗೀ," ಅಂದರು. "ನಾನು ಒಳಗಿದ್ದೆ."

ಸತ್ತು ಬಂದವರ ಹತ್ತಿರ ವಾದ ಮಾಡಿ ಗೆಲ್ಲುವುದಕ್ಕಾಗುವುದಿಲ್ಲ. ನೀನು ಸತ್ತಿಲ್ಲವಲ್ಲ ಅನ್ನುತ್ತಾರೆ, ಅಷ್ಟೇ.

ಸೋಮವಾರ ಶೆಡ್ಡಿಗೆ ರಜೆ. ಸೋಮವಾರಗಳಲ್ಲಿ ಜನ ಬರತೊಡಗಿದರು. ಮೊದಲು ಓಣಿಯವರು, ಆಮೇಲೆ ಭೈರವಾನಿತಿಪ್ಪದ ತನಕದ ಹಳ್ಳಿಯವರು. ಕಾಯಿ, ಬಾಳೆಹಣ್ಣು, ಊದಿನಕಡ್ಡಿ. ನಮ್ಮಪ್ಪ ಅಲ್ಲಿ ಹೇಗಿದ್ದಾನೆ, ನಮ್ಮಮ್ಮನಿಗೆ ಮಂಡಿನೋವು ಹೋಯಿತೇ ಅಂತ ಕೇಳುತ್ತಿದ್ದರು. ಭಾವ ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು, "ಅದಾರ. ಆರಾಮ ಅದಾರ. ನೀಲಿ ಬಟ್ಟಿ ಉಟ್ಕೊಂಡಾರ," ಅನ್ನುತ್ತಿದ್ದರು. ಎಲ್ಲರಿಗೂ ನೀಲಿ ಬಟ್ಟೆಯೇ. ಹತ್ತು ವರ್ಷ ಜೀನ್ಸು ಕತ್ತರಿಸಿದ ಮನುಷ್ಯನ ಸ್ವರ್ಗದಲ್ಲಿ ಬೇರೆ ಬಣ್ಣ ಎಲ್ಲಿಂದ ಬರಬೇಕು? ಒಂದು ಸಲ ನಾನು, "ಜಿಪ್ ಐತಾ, ಗುಂಡಿ ಐತಾ ಕೇಳ್ರಿ," ಅಂದೆ. ಅತ್ತೆ ನನ್ನನ್ನು ಹಿತ್ತಲಿಗೆ ಅಟ್ಟಿದರು.

ಆಮೇಲೆ ಅನಂತಪುರದ ಕಡೆಯಿಂದ ಮೊಬೈಲಿನಲ್ಲಿ ಸ್ವಂತ ಚಾನೆಲ್ ನಡೆಸುವ ಒಬ್ಬಾತ ಬಂದ. ಕೈಯಲ್ಲಿ ಕೋಲಿಗೆ ಸಿಕ್ಕಿಸಿದ ಫೋನು. ಭಾವ ಹೇಳಿದ್ದನ್ನೆಲ್ಲ ಕೇಳಿ, ಯಮದೂತರ ಕಥೆ ಈಗಾಗಲೇ ಬಹಳ ಜನ ಹೇಳಿದ್ದಾರೆ ಅನ್ನುವ ಹಾಗೆ ಮುಖ ಹುಳ್ಳಗೆ ಮಾಡಿದ. ಬಾಯಿಲ್ಲದ, ಬರೀ ಕಣ್ಣಿನವರು ಅಂದಾಗ ಮಾತ್ರ ಎದ್ದು ಕೂತ. ಫೋನಿನಲ್ಲಿ ಒಂದು ಚಿತ್ರ ತೆಗೆದು ತೋರಿಸಿದ: ಬೂದು ಮೈ, ದೊಡ್ಡ ತಲೆ, ಹುಣಸೆಬೀಜದಂಥ ಕಣ್ಣು. "ಹೀಗೆ ಇದ್ದರಾ?" ಅಂತ ತೆಲುಗಿನಲ್ಲಿ ಕೇಳಿದ.

"ಇವರ್ಯಾರ್ರಿ?" ಅಂದರು ಭಾವ.

"ಬೇರೆ ಗ್ರಹದವರು. ಏಲಿಯನ್ಸು. ಹಾರೋ ತಟ್ಟೇಲಿ ಬರ್ತಾರೆ, ಮನುಷ್ಯರನ್ನ ಎತ್ಕೊಂಡು ಹೋಗಿ ಪರೀಕ್ಷೆ ಮಾಡಿ ವಾಪಸ್ ಬಿಡ್ತಾರೆ."

ಭಾವ ಚಿತ್ರವನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು. ಕೈಗೆ ಚುಚ್ಚಿದ ಗ್ಲೂಕೋಸಿನ ಸೂಜಿ ನೆನಪಾಯಿತೇನೋ. "ಹೌದ್ರಿ," ಅಂದರು. "ಇವರ ನೋಡ್ರಿ. ಕೈಗೆ ಏನೋ ಚುಚ್ಚಿದ್ರು."

ಆವತ್ತಿಗೆ ಯಮನ ಕೆಲಸ ಹೋಯಿತು. ಮುಂದಿನ ಸೋಮವಾರದಿಂದ ಬೇರೆ ಗ್ರಹದವರು ಆ ಜಾಗಕ್ಕೆ ಬಂದರು. ಭಾವ ಸುಳ್ಳು ಹೇಳುತ್ತಿದ್ದರು ಅಂತ ನಾನು ಅನ್ನುವುದಿಲ್ಲ. ಯಾರಾದರೂ ಗೀಟು ಹಾಕಿಕೊಟ್ಟರೆ ಅದರ ಮೇಲೆ ತಪ್ಪದೆ ಕತ್ತರಿಸುವುದು ಅವರ ಕಸುಬು. ವೀಡಿಯೋ ಹರಡಿದ ಮೇಲೆ ಸುತ್ತಲಿನ ಹಳ್ಳಿಯವರಿಗೆಲ್ಲ ಗುಡ್ಡದ ಮೇಲೆ ಕೆಂಪು ಬೆಳಕು ಕಾಣಿಸತೊಡಗಿತು. ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿ, ಅದರ ನೆತ್ತಿಗೆ ಕೆಂಪು ದೀಪ ಹಾಕಿ ಎಷ್ಟೋ ಕಾಲವಾಗಿತ್ತು. ಆ ಯಂತ್ರ ನಿಲ್ಲಿಸಲು ಕಲ್ಲು ಹೊತ್ತವರೇ ಬಂದು ಬೆಳಕಿನ ಕಥೆ ಹೇಳಿದರು.

ಇಷ್ಟೇ ಆಗಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ನನ್ನ ಗೆಳತಿಯ ಅತ್ತೆ ಒಂದು ಸೋಮವಾರ ನಮ್ಮ ಮನೆಗೆ ಬಂದಳು.

ಗೆಳತಿ ನಮ್ಮ ಶೆಡ್ಡಿನಲ್ಲೇ ಕಾಜಾ ಮಿಷಿನ್ ನಡೆಸುತ್ತಿದ್ದಳು, ಗುಂಡಿ ಹಾಕುವ ತೂತಿಗೆ ಅಂಚು ಹೊಲಿಯುವ ಮಿಷಿನ್. ನನಗಿಂತ ಐದಾರು ವರ್ಷ ಚಿಕ್ಕವಳು. ತವರಿಗೆ ಒಬ್ಬಳೇ ಮಗಳು, ಅಣ್ಣತಮ್ಮಂದಿರಿಲ್ಲ. ಗಂಡನೂ ಅಲ್ಲೇ ಟೈಲರಾಗಿದ್ದ. ಒಳ್ಳೆಯ ಕೈ, ನೋಡಲೂ ಚೆನ್ನಾಗಿದ್ದ. ಎರಡು ವರ್ಷದ ಹಿಂದೆ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗುತ್ತೇನೆಂದು ಹೋದ. ಮೊದಲು ದಿನಾ ಫೋನು, ಆಮೇಲೆ ವಾರಕ್ಕೊಂದು, ಆಮೇಲೆ ನಂಬರೇ ಸ್ವಿಚ್ ಆಫ್. ಗೆಳತಿ ಇಬ್ಬರು ಸೋದರಮಾವಂದಿರನ್ನು ಬೆಂಗಳೂರಿಗೆ ಕಳಿಸಿ ಹುಡುಕಿಸಿದಳು. ಸಿಗಲಿಲ್ಲ.

ಗೆಳತಿಯ ಅತ್ತೆ ಬಂದು ಭಾವನ ಮುಂದೆ ಮಗನ ಫೋಟೋ ಇಟ್ಟು ಅತ್ತಳು. ಭಾವ ಕಣ್ಣು ಮುಚ್ಚಿದರು. ಅವತ್ತು ಬಹಳ ಹೊತ್ತು ತಗೊಂಡರು.

"ಅದಾನ," ಅಂದರು ಕೊನೆಗೆ. "ಅಲ್ಲೇ ಅದಾನ. ನೀಲಿ ಅಂಗಿ. ನಗಾಕತ್ತಾನ. ನಮ್ಮವ್ವಗ ಅಳಬ್ಯಾಡ ಅನ್ನು ಅಂದ."

ಅಲ್ಲಿದ್ದಾನೆ ಅಂದರೆ ಸತ್ತಿದ್ದಾನೆ ಅಂತಲೇ ಮನೆಯವರು ತಿಳಿದರು. ಹತ್ತನೆಯ ದಿನಕ್ಕೆ ಅವನ ಹಳೆಯ ಅಂಗಿಯೊಂದನ್ನು ಮಣೆಯ ಮೇಲಿಟ್ಟು ಸತ್ತವರ ದಿನ ಮಾಡಿದರು. ಗೆಳತಿಯ ತಾಳಿ, ಕಾಲುಂಗುರ ತೆಗೆಸಿದರು, ಬಳೆ ಒಡೆದರು. ನಾನು ಅಲ್ಲೇ ಇದ್ದೆ. ಅವಳು ಅಳಲಿಲ್ಲ. ಬರೀ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಮನೆಗೆ ಬಂದು ಭಾವನ ಮುಂದೆ ನಿಂತೆ.

"ಭಾವಾ, ಒಂದು ಹೆಣ ನೋಡಿಲ್ಲ, ಒಂದು ಸುದ್ದಿ ಬಂದಿಲ್ಲ. ನಿಮ್ಮ ಒಂದು ಮಾತಿಗೆ ಬದುಕಿರೋ ಹೆಣ್ಣುಮಗಳ ಬಳೆ ಒಡೆದ್ರಲ್ಲ."

"ನಾ ಒಡೀರಿ ಅಂದಿಲ್ಲ ತಂಗೀ," ಅಂದರು. "ನಾ ನೋಡಿದ್ದು ಹೇಳಿದೆ." ಬೆರಳಲ್ಲಿ ಚಾಪೆಯ ಮೇಲೆ ಗೀಟು ಎಳೆಯತೊಡಗಿದರು. ಗಂಡ ಬಂದು, "ಸಾಕು, ಒಳಗ ನಡಿ," ಅಂದ.

ಮುಂದೆ ಎರಡು ತಿಂಗಳಿಗೆ ತವರಿನಲ್ಲಿ ನನ್ನ ತಂಗಿಯ ಮಗಳಿಗೆ ಕಿವಿ ಚುಚ್ಚುವ ಶಾಸ್ತ್ರ ಇತ್ತು. ರಾಯದುರ್ಗದಿಂದ ನಮ್ಮೂರಿಗೆ ಮೂರು ಬಸ್ಸು ಬದಲಿಸಬೇಕು. ಕರ್ನಾಟಕದೊಳಗೆ ಹೊಕ್ಕು ಹೊರಬಂದು ಮತ್ತೆ ಆಂಧ್ರಕ್ಕೆ ಇಳಿಯಬೇಕು. ಶಾಸ್ತ್ರ ಮುಗಿದ ಮೇಲೆ ತಂಗಿ ನನಗೆ ಕಡ್ಲೆಕಾಯಿ ತುಂಬಿಕೊಟ್ಟಳು. ಹಳೆಯ ಜೀನ್ಸ್ ಪ್ಯಾಂಟಿನ ಕಾಲನ್ನು ಕತ್ತರಿಸಿ ಹೊಲಿದ ಚೀಲ. ಗಟ್ಟಿಯಾಗಿತ್ತು. ಹಿಡಿ ಹೇಗೆ ಹಾಕಿದ್ದಾರೆ ಅಂತ ನೋಡಿದೆ. ಕಸುಬಿನವಳಲ್ಲವೇ, ಕಣ್ಣು ಅಲ್ಲಿಗೇ ಹೋಗುತ್ತದೆ.

ಹಿಡಿಯ ಬುಡದಲ್ಲಿ ಕಿತ್ತಳೆ ದಾರದ ಸಣ್ಣ ತ್ರಿಕೋನ ಇತ್ತು.

ಎಲ್ಲ ಟೈಲರುಗಳೂ ಭಾರ ಬೀಳುವ ಕಡೆ ಹಿಂದೆ ಮುಂದೆ ಓಡಿಸಿ ಅಡ್ಡಪಟ್ಟಿ ಹೊಲಿಯುತ್ತಾರೆ. ತ್ರಿಕೋನ ಹೊಲಿಯುತ್ತಿದ್ದವನು ನಮ್ಮ ಶೆಡ್ಡಿನಲ್ಲಿ ಒಬ್ಬನೇ. "ಇದೇನು ನಿನ್ನ ರುಜುವಾ?" ಅಂತ ಭಾವನೇ ಅವನಿಗೆ ಎಷ್ಟು ಸಲ ಬೈದಿದ್ದರು. ಅವನು ನಗುತ್ತಾ ಇನ್ನೊಂದು ತ್ರಿಕೋನ ಹಾಕುತ್ತಿದ್ದ.

"ಇದ್ಯಾರೇ ಹೊಲ್ದಿದ್ದು?" ಅಂದೆ.

"ಅಗಳೀಲಿ ಒಬ್ರು ಟೈಲರ್ ಬಂದವ್ರೆ ಕಣಕ್ಕ," ಅಂದಳು ತಂಗಿ. "ಹಳೇ ಪ್ಯಾಂಟು ಕೊಟ್ರೆ ಚೀಲ ಮಾಡ್ಕೊಡ್ತಾರೆ. ಆವಯ್ಯನ ಮಾತು ನಿಮ್ ಕಡೇದೇ ಕಣಕ್ಕ, ಯಾಕ್ರಿ, ಹೌದ್ರಿ ಅಂತಾನೆ."

ಮಾರನೆಯ ದಿನ ಬೆಳಿಗ್ಗೆ ಆಟೋ ಹತ್ತಿ ಅಗಳಿಗೆ ಹೋದೆ. ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ಆಚೆಗೆ ಒಂದು ತಗಡಿನ ಅಂಗಡಿ. ಬಾಗಿಲಿಗೆ ಜೀನ್ಸಿನ ಚೀಲಗಳನ್ನು ತೂಗುಹಾಕಿತ್ತು. ಒಳಗೆ, ನಾವು ಬಾಳೆಲೆ ಹಾಸಿ ಪಿಂಡ ಇಟ್ಟ ಮನುಷ್ಯ, ಬಾಯಲ್ಲಿ ದಾರ ಕಚ್ಚಿಕೊಂಡು ಸೂಜಿಗೆ ಪೋಣಿಸುತ್ತಿದ್ದ. ನೀಲಿ ಅಂಗಿ ಅಲ್ಲ, ಹಳದಿ. ಹೊಟ್ಟೆ ಸ್ವಲ್ಪ ಬಂದಿತ್ತು.

"ಏನಪ್ಪಾ, ಸ್ವರ್ಗದಲ್ಲಿ ಕರೆಂಟು ಸರಿಯಾಗಿ ಬತ್ತೈತಾ?" ಅಂದೆ.

ಅವನು ತಲೆಯೆತ್ತಿದ. ದಾರ ಬಾಯಲ್ಲೇ ಉಳಿಯಿತು. "ಅಕ್ಕಾರ," ಅಂದ, "ನೀವಾ."

ಅಷ್ಟರಲ್ಲಿ ಹಿಂದಿನ ಬಾಗಿಲಿಂದ ಒಬ್ಬ ಹೆಂಗಸು ಅವನಿಗೆ ಚಹಾ ತಂದಳು. ನನ್ನನ್ನು ಗಿರಾಕಿ ಅಂದುಕೊಂಡು ನಕ್ಕಳು. ಅವಳ ಕುತ್ತಿಗೆಯಲ್ಲಿ ಹೊಸ ಅರಿಶಿನ ದಾರ. ಅವನು ನನ್ನನ್ನು ಗಾಬರಿಯಿಂದ ನೋಡಿದ. ಅವಳು ಒಳಗೆ ಹೋದ ಮೇಲೆ ನಾನು ಅವನಿಗೆ ಉಗಿಯಬೇಕಾದಷ್ಟು ಉಗಿದೆ. ಬೆಂಗಳೂರಲ್ಲಿ ಅದೇ ಗಾರ್ಮೆಂಟ್ಸಿನಲ್ಲಿ ಇವಳ ಪರಿಚಯವಾಯಿತಂತೆ. ಇವಳ ತವರು ಇಲ್ಲೇ ಅಂತೆ. ಮೊದಲ ಹೆಂಡತಿ ತೀರಿಹೋಗಿದ್ದಾಳೆ ಅಂತ ಇವಳಿಗೆ ಹೇಳಿದ್ದನಂತೆ.

"ಅವಳನ್ನ ನೀನು ಸಾಯಿಸಿದೆ, ನಿನ್ನನ್ನ ನಮ್ಮ ಭಾವ ಸಾಯಿಸಿದ್ರು. ಲೆಕ್ಕ ಸರಿಹೋಯ್ತು," ಅಂದೆ.

ಅವನು ಕಣ್ಣರಳಿಸಿದ. "ಏನಂದ್ರಿ? ಮಾಸ್ತರ್ರು ಏನಂದ್ರು?"

ಇಲ್ಲಿ ನಾನು ತಪ್ಪು ಮಾಡಿದೆ. ಸಿಟ್ಟು, ಮೇಲೆ ಆಡಿಕೊಳ್ಳುವ ಚಟ. ಭಾವ ಸತ್ತು ಬಂದದ್ದು, ಬೇರೆ ಗ್ರಹದವರು ಎತ್ಕೊಂಡು ಹೋಗಿ ಬಿಟ್ಟದ್ದು, ಇವನನ್ನು ಅಲ್ಲಿ ನೀಲಿ ಅಂಗಿಯಲ್ಲಿ ಕಂಡದ್ದು, ಅವನ ದಿನ ಮಾಡಿದ್ದು, ವೀಡಿಯೋ, ಎಲ್ಲವನ್ನೂ ಅಣಕಿಸಿ ಅಣಕಿಸಿ ಹೇಳಿದೆ. ಅವನು ನಗಲಿಲ್ಲ. ಅಳತೆ ತಗೊಳ್ಳುವವನ ಹಾಗೆ ಗಮನವಿಟ್ಟು ಕೇಳಿದ. ಕೊನೆಗೆ, "ಆ ವೀಡಿಯೋ ಯಾವುದ್ರಿ ಅಕ್ಕಾರ?" ಅಂದ. ನಾನೇ ಅವನ ಫೋನಿನಲ್ಲಿ ಹುಡುಕಿಕೊಟ್ಟು ಬಂದೆ.

ರಾಯದುರ್ಗಕ್ಕೆ ಬಂದು ಗೆಳತಿಗೆ ಶೆಡ್ಡಿನಲ್ಲೇ ಹೇಳಿದೆ. ಅವಳು ಮಿಷಿನ್ ನಿಲ್ಲಿಸಲಿಲ್ಲ. ಹೇಳಿ ಮುಗಿಸುವ ತನಕ ಕಾಜಾ ಹಾಕುತ್ತಲೇ ಇದ್ದಳು.

"ಎಷ್ಟು ದೂರ ಅಕ್ಕಾ?" ಅಂದಳು.

"ಮೂರು ಬಸ್ಸು."

"ಅಷ್ಟೇನಾ," ಅಂದಳು. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಪ್ಯಾಂಟಿನ ಸೊಂಟಪಟ್ಟಿಯ ತುಂಬಾ ಕಾಜಾ ಹಾಕಿದ್ದಳು, ಒಂದರ ಪಕ್ಕ ಒಂದು, ಉದ್ದಕ್ಕೂ. ಅತ್ತೆಗೆ ಈಗಲೇ ಹೇಳಬೇಡ, ನಾನು ಯೋಚನೆ ಮಾಡಬೇಕು ಅಂದಳು.

ಅವಳು ಯೋಚನೆ ಮುಗಿಸುವ ಮುಂಚೆಯೇ, ಅದರ ಮುಂದಿನ ಸೋಮವಾರ ಬೆಳಿಗ್ಗೆ, ಅವನೇ ಬಂದ. ತನ್ನ ಮನೆಗಲ್ಲ, ನೇರವಾಗಿ ನಮ್ಮ ಪಡಸಾಲೆಗೆ. ಜನ ತುಂಬಿದ್ದರು. ಗಡ್ಡ ಬಿಟ್ಟುಕೊಂಡು, ಕೂದಲು ಕೆದರಿಕೊಂಡು, ಎಲ್ಲಿಂದಲೋ ತಂದ ನೀಲಿ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತ. ಯಾರೋ ಗುರುತು ಹಿಡಿದು ಕಿರುಚಿದರು. ಅವನ ತಾಯಿ ಅಲ್ಲೇ ಇದ್ದಳು. ಓಡಿ ಬಂದು ಅವನ ಮುಖವನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಅಳತೊಡಗಿದಳು. ಆ ಪಡಸಾಲೆಯಲ್ಲಿ ಅಷ್ಟು ದಿನ ನಡೆದದ್ದರಲ್ಲಿ ನಿಜವಾದದ್ದು ಆ ಅಳು ಒಂದೇ.

ಭಾವನ ಮುಖ ಸುಣ್ಣದ ಹಾಗಾಯಿತು. ನಾನು ಅಡುಗೆಮನೆಯಿಂದ ಹೊರಗೆ ಬಂದು ನಿಂತೆ. ಈಗ ಸಿಕ್ಕಿಬಿದ್ದರು ಅಂತ ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಅವನು ಸೀದಾ ಬಂದು ಭಾವನ ಕಾಲು ಹಿಡಿದ. "ಮಾಸ್ತರ್ರ, ನೀವ ನನ್ನ ಅಲ್ಲಿ ನೋಡಿದ್ದು. ನೀವು ಅಲ್ಲಿಂದ ಹೊಂಟಾಗ ನಾ ಕೂಗಿದೆ, ನಿಮಗ ಕೇಳಿಸಲಿಲ್ಲ. ಬೆಂಗಳೂರಾಗ ರಸ್ತೆ ಮ್ಯಾಲ ಹೊಂಟಾಗ ಬೆಳಕು ಬಂತ್ರಿ. ಎತ್ಕೊಂಡು ಹೋದ್ರು. ಬಾಯಿಲ್ಲದ ಮಂದಿ. ಎರಡು ವರ್ಷ ಇಟ್ಕೊಂಡಿದ್ರು. ನನಗ ಎರಡು ದಿನ ಆದಂಗ ಅನಿಸೇತಿ. ನಿನ್ನೆ ಹೊಲದಾಗ ಬಿಟ್ಟು ಹೋದ್ರು."

ಭಾವನ ಮುಖಕ್ಕೆ ನಿಧಾನವಾಗಿ ರಕ್ತ ಬಂತು. "ನಾ ಹೇಳಿದ್ನಿಲ್ಲೇನು," ಅಂದರು. "ಅಲ್ಲೇ ಅದಾನ ಅಂದಿದ್ದೆ. ಸತ್ತಾನ ಅಂದಿದ್ನೇನು?"

ಜನ ಹೋ ಅಂದರು. ಕಾಯಿಯ ಮೇಲೆ ಕಾಯಿ ಒಡೆದರು. ಇಲ್ಲಿಯ ತನಕ ಹೋಗಿ ಬಂದವರು ಒಬ್ಬರಿದ್ದರು, ಈಗ ಇಬ್ಬರಾದರು, ಸಾಕ್ಷಿಗೆ ಸಾಕ್ಷಿ. ನಾನು, "ಅಗಳೀಲಿ ಅಂಗಡಿ ಇಟ್ಟವ್ನೆ, ನಾನೇ ನೋಡಿ ಬಂದೀನಿ," ಅಂತ ಕೂಗಿದೆ. ಪಕ್ಕದ ಮನೆಯ ಮುದುಕಿ ನನ್ನ ಭುಜ ತಟ್ಟಿ, "ಅವರು ಅವನ ರೂಪ ತಗೊಂಡು ಅಲ್ಲಿ ಕುಂತಿರಬೇಕವ್ವಾ," ಅಂದಳು. ಬೇರೆ ಗ್ರಹ ಬಿಟ್ಟು ಬಂದವರು ಅಗಳಿ ಬಸ್‌ಸ್ಟ್ಯಾಂಡಿನಲ್ಲಿ ಚೀಲ ಹೊಲಿಯುತ್ತಿದ್ದಾರೆ!

ಯಾರೋ ಗೆಳತಿಯನ್ನು ಕರೆತಂದರು. ಬಟ್ಟೆ ಒಗೆಯುತ್ತಿದ್ದವಳು ಒದ್ದೆ ಕೈಯಲ್ಲೇ ಬಂದಳು. ಜನ ದಾರಿ ಬಿಟ್ಟರು. ಅವನು ಎದ್ದು ನಿಂತು, ದನಿ ಸಣ್ಣಗೆ ಮಾಡಿಕೊಂಡು, "ಹೆಂಗದಿ?" ಅಂದ.

ಅವಳು ಅವನನ್ನು ಕಾಲಿಂದ ತಲೆಯ ತನಕ ನೋಡಿದಳು. "ಅಲ್ಲಿ ಊಟಕ್ಕ ಏನು ಕೊಡ್ತಿದ್ರು?"

"ಅಲ್ಲಿ ಹಸಿವು ಅನ್ನೋದ ಇಲ್ಲ. ಬರೇ ಬೆಳಕು."

"ಬೆಳಕಿಗೆ ಇಷ್ಟು ಹೊಟ್ಟಿ ಬಂತೇನು?"

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅವನು ಹೊಟ್ಟೆ ಒಳಗೆಳೆದುಕೊಂಡ. ಅವಳು ಅವನ ಬಲಗೈ ಹಿಡಿದು ತೋರುಬೆರಳನ್ನು ಎಲ್ಲರಿಗೂ ತೋರಿಸಿದಳು. ಉಗುರಿನ ಪಕ್ಕ ಸೂಜಿ ಚುಚ್ಚಿದ ಹಸಿ ಗಾಯ. "ಇದೂ ಬೆಳಕ ಚುಚ್ಚಿತೇನು?"

"ಅವ್ರು... ಪರೀಕ್ಷೆ ಮಾಡಿದ್ರು," ಅಂದ.

ಜಗಳ ಆಗುತ್ತದೆ ಅಂತ ನಾನು ಕಾದೆ. ಅಗಳಿಯ ವಿಷಯ ತೆಗೆದು ಅವನ ಜುಟ್ಟು ಹಿಡಿಯುತ್ತಾಳೆ ಅಂದುಕೊಂಡೆ. ಅವಳು ಕೈ ಬಿಟ್ಟು, ಭಾವನ ಕಡೆ ತಿರುಗಿ, ಕೈ ಮುಗಿದಳು.

"ಮಾಸ್ತರ್ರ, ನಿಮ್ಮ ಮಾತಿನ ಮ್ಯಾಲ ನಮ್ಮತ್ತಿ ದಿನ ಮಾಡ್ಯಾರ. ಊರು ಉಂಡೈತಿ. ನನ್ನ ತಾಳಿ ತೆಗದಾರ. ಈಗ ಇವರು ಬಂದಾರ ಅಂದ್ರ ನಿಮ್ಮ ಮಾತು ಸುಳ್ಳಾಗತೈತಿ. ನಿಮ್ಮ ಮಾತು ಸುಳ್ಳಾಗಬಾರದು." ಆಮೇಲೆ ಅವನಿಗೆ ಹೇಳಿದಳು, "ನೀವು ಆಕಡೆ ಲೋಕದೋರು. ಅಲ್ಲೇ ಇರ್ರಿ. ಈಕಡೆ ನಿಮಗ ಹೆಂಡ್ತಿ ಇಲ್ಲ. ನಿಮ್ಮವ್ವನ್ನ ನೋಡಬೇಕಂದ್ರ ಬರ್ರಿ, ಮನಿ ಅವರದೂ ಹೌದು. ನನ್ನ ಹತ್ರ ಬರಬ್ಯಾಡ್ರಿ."

ತಿರುಗಿ ನೋಡದೆ ಹೋದಳು. ಮಾಸ್ತರರ ಮಾತಿಗೆ ಬೆಲೆ ಕೊಟ್ಟಳು ಅಂತ ಹೊಗಳಬೇಕೋ, ಗಂಡನನ್ನು ಬಿಟ್ಟಳು ಅಂತ ಬೈಯಬೇಕೋ ಪಡಸಾಲೆಯಲ್ಲಿದ್ದವರಿಗೆ ಗೊತ್ತಾಗಲಿಲ್ಲ. ಒಂದಿಬ್ಬರು ಮೆಲ್ಲಗೆ ಚಪ್ಪಲಿ ಹುಡುಕಿಕೊಂಡರು.

ಅವನು ಎರಡು ದಿನ ತಾಯಿಯ ಹತ್ತಿರ ಇದ್ದು ಹೊರಟುಹೋದ. ಅಗಳಿಯಲ್ಲಿ ಆ ಹೆಂಗಸಿಗೂ ನನ್ನ ತಂಗಿಯ ಬಾಯಿಂದ ವಿಷಯ ಮುಟ್ಟಿತು. ಅವಳು ಬಾಗಿಲಿಗೆ ಬೀಗ ಹಾಕಿಕೊಂಡು ಮಿಷಿನ್ನು ತಾನಿಟ್ಟುಕೊಂಡಳಂತೆ. ಆಮೇಲೆ ಅವನು ಎಲ್ಲಿಗೆ ಹೋದನೋ ತಿಳಿಯದು. ಗೆಳತಿ ಮುಂದಿನ ವಾರವೇ ಗಾಜಿನ ಬಳೆ ಹಾಕಿಕೊಂಡು ಕೆಲಸಕ್ಕೆ ಬಂದಳು. ಯಾರೋ ಕೇಳಿದ್ದಕ್ಕೆ, "ಕೈ ಬರೇ ಇದ್ರ ಮಿಷಿನ್ ಓಡಂಗಿಲ್ಲ," ಅಂದಳು. ಈಗ ಅದೇ ಶೆಡ್ಡಿನಲ್ಲಿ ಹನ್ನೆರಡು ಹೆಣ್ಣುಮಕ್ಕಳಿಗೆ ಅವಳೇ ಮೇಸ್ತ್ರಿ.

ಭಾವನ ಸೋಮವಾರಗಳು ಇನ್ನೂ ಆರೇಳು ತಿಂಗಳು ನಡೆದವು. ಆಮೇಲೆ ಗುಮ್ಮಗಟ್ಟ ಕಡೆ ಯಾರದೋ ಬೇವಿನ ಮರದಲ್ಲಿ ಹಾಲು ಸುರಿಯಲು ಶುರುವಾಯಿತು, ಜನ ಅತ್ತ ಹೋದರು. ಒಂದು ದಿನ ಊಟದ ಹೊತ್ತಿನಲ್ಲಿ, ಬಟ್ಟೆ ಹಾಸುತ್ತಾ, ಭಾವ ನನ್ನನ್ನು ಕೇಳಿದರು. "ತಂಗೀ, ಖರೇ ಹೇಳು. ಆವತ್ತು ನನಗ ಏನೂ ಆಗಿರಲಿಲ್ಲೇನು?"

"ಶಾಕ್ ಹೊಡೆದಿತ್ತು ಭಾವಾ. ಎಚ್ಚರ ತಪ್ಪಿತ್ತು."

"ಅಷ್ಟ?"

"ಅಷ್ಟೇ."

ಅವರು ಬಟ್ಟೆಯ ಸುಕ್ಕು ಸವರಿದರು. "ಭಾಳ ಆರಾಮ ಅನಿಸಿತ್ತು," ಅಂದರು. "ಯಾರೂ ಕೆಲಸ ಹೇಳಲಿಲ್ಲ." ನನಗೆ ಆಗ ನಗು ಬರಲಿಲ್ಲ.

ಆ ಚಾನೆಲ್ಲಿನವನು ಇನ್ನೊಮ್ಮೆ ಬಂದಿದ್ದ, ಎರಡನೆಯ ಭಾಗ ಬೇಕು ಅಂತ. ಭಾವ "ಕಟಿಂಗ್ ಐತಿ" ಅಂದು ಎದ್ದುಹೋದರು. ಆವತ್ತು ಪಕ್ಕದಲ್ಲಿ ಇದ್ದವರು ಯಾರು ಅಂತ ಕೇಳಿದ, ನಾನು ಅಂದೆ. ಕೋಲು ನನ್ನ ಕಡೆ ತಿರುಗಿಸಿದ. ಗಜಪಟ್ಟಿ, ಟ್ಯೂಬ್‌ಲೈಟು, ಡಾಕ್ಟರ ಟಾರ್ಚು, ಮಾಸ್ಕು, ಅಗಳಿಯ ಅಂಗಡಿ, ಎಲ್ಲವನ್ನೂ ತೆಲುಗಿನಲ್ಲಿ ಸಾವಕಾಶವಾಗಿ ಹೇಳಿದೆ. ಒಂದು ತಿಂಗಳು ಕಾದೆ, ವೀಡಿಯೋ ಬರಲಿಲ್ಲ. ಫೋನ್ ಮಾಡಿ ಯಾಕಪ್ಪಾ ಹಾಕಲಿಲ್ಲ ಅಂತ ಕೇಳಿದೆ.

ಅವನು ಬೇಜಾರು ಮಾಡಿಕೊಳ್ಳದೆ, ತುಂಬಾ ಮರ್ಯಾದೆಯಿಂದಲೇ, "ಇದಿ ಎವರು ಚೂಸ್ತಾರಕ್ಕಾ?" ಅಂದ. ಇದನ್ನು ಯಾರು ನೋಡುತ್ತಾರಕ್ಕಾ, ಅಂತ.